ಉಜ್ಜಿದಷ್ಟೂ ಇಳಿಯುವ ಬೆಲೆ

ಕಾಫಿ ಸೀಮೆಯ ಹಳೆಯ ಮನೆಗಳಲ್ಲಿ ಉಳಿದುಬಂದ ಸೇನಾ ಪಿಸ್ತೂಲುಗಳು: ಅಸಲು ಯಾವುದು, ನಕಲು ಯಾವುದು, ಬೆಲೆ ಯಾತಕ್ಕೆ?

ಆಯುಧಪೂಜೆಯ ಮುನ್ನಾದಿನ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯ ತೋಟದ ಮನೆಗಳಲ್ಲಿ ಕತ್ತಿ ಗುದ್ದಲಿಗಳಿಗೂ ಪಲ್ಪರ್ ಯಂತ್ರಕ್ಕೂ ಜೀಪಿಗೂ ಸಲ್ಲುವ ಉಪಚಾರವು ಕೋವಿಗೂ ಸಲ್ಲುವುದು ರೂಢಿ. ಬೀರುವಿನ ಒಳಖಾನೆಯಲ್ಲಿ ಹಿರಿಯರ ಕಾಲದ ಪಿಸ್ತೂಲೊಂದು ಇದ್ದುದಾದರೆ ಅದಕ್ಕೂ ಅಂದು ಹೊರಗಿನ ಬೆಳಕು ಕಾಣುವ ಯೋಗ. ಒಂದು ವರ್ಷದ ಮಳೆಗಾಲವು ಉಕ್ಕಿನ ಮೇಲೆ ಬರೆದ ಕೆಂಪು ತುಕ್ಕನ್ನು ಮನೆಯ ಮಕ್ಕಳು ಉಪ್ಪುಕಾಗದದಿಂದ ಉಜ್ಜಿ, ಹಿಡಿಗೆ ಹಿತ್ತಾಳೆಯ ಅಂಚಿದ್ದರೆ ಅದನ್ನು ಹುಣಸೆಹಣ್ಣಿನಿಂದ ಬೆಳಗಿ, ಎಣ್ಣೆ ಸವರಿ, ಕುಂಕುಮವಿಟ್ಟು, ಸೇವಂತಿಗೆಯ ಹೂವನ್ನೇರಿಸಿ ಕೈಮುಗಿಯುತ್ತಾರೆ. ಆ ಭಕ್ತಿಯಲ್ಲಿ ದೋಷವನ್ನೆಣಿಸುವುದು ಯಾರಿಗೂ ಶೋಭಿಸದು. ಆದರೆ ಪುರಾತನ ಆಯುಧಗಳ ಯೋಗ್ಯತೆಯನ್ನು ನಿರ್ಣಯಿಸುವ ವಿದ್ಯೆಯನ್ನು ಅಲ್ಪಸ್ವಲ್ಪವಾದರೂ ಬಲ್ಲವನು ಆ ಹೊಳಪನ್ನು ಕಂಡಾಗ ನಿಟ್ಟುಸಿರು ಬಿಡದೆ ಇರಲಾರ. ಏಕೆಂದರೆ ಉಪ್ಪುಕಾಗದದ ಜೊತೆಯಲ್ಲಿ ಉದುರಿಹೋದದ್ದು ಬರಿಯ ತುಕ್ಕಲ್ಲ, ಆ ಪಿಸ್ತೂಲು ತನ್ನ ಜನ್ಮವೃತ್ತಾಂತವನ್ನು ಹೇಳಿಕೊಳ್ಳಲು ಇಟ್ಟುಕೊಂಡಿದ್ದ ಸಾಕ್ಷ್ಯ.

ಈ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ಹಳೆಯ ಸೇನಾ ಪಿಸ್ತೂಲಿನ ಬೆಲೆ ಅದರ ವಯಸ್ಸಿನಲ್ಲಿಲ್ಲ, ಹೊಳಪಿನಲ್ಲಂತೂ ಇಲ್ಲವೇ ಇಲ್ಲ. ಲೋಹವು ಹೇಳುವುದು, ಲೋಹದ ಮೇಲಿನ ಮುದ್ರೆ ಹೇಳುವುದು, ಮನೆಯ ಕಾಗದಪತ್ರ ಹೇಳುವುದು, ಈ ಮೂರೂ ಒಂದೇ ಕಥೆಯಾಗಿ ಹೊಂದಿಕೊಳ್ಳುವುದರಲ್ಲಿ ಅದು ಇದೆ. ಮೂರರಲ್ಲಿ ಒಂದು ಅಳಿಸಿಹೋದರೆ ಉಳಿದ ಎರಡರ ಮಾತಿಗೆ ಬಲ ಸಾಲದು. ಒಂದು ಮತ್ತೊಂದನ್ನು ವಿರೋಧಿಸಿದರಂತೂ ಎಷ್ಟೇ ಸೊಗಸಾದ ವಸ್ತುವಾದರೂ ಅದು ಅಲಂಕಾರದ ಆಟಿಕೆಯ ಮಟ್ಟಕ್ಕೆ ಇಳಿಯುತ್ತದೆ.

ಬೆಟ್ಟಕ್ಕೆ ಬಂದ ಬಗೆ

ದಂಡಿನ ಆಯುಧಕ್ಕೂ ಕಾಫಿಯ ಗಿಡಕ್ಕೂ ಏನು ಸಂಬಂಧವೆಂದು ಕೇಳುವವರು ಈ ಬೆಟ್ಟಗಳ ಚರಿತ್ರೆಯನ್ನು ತುಸು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಬಾಬುಡನ್ ಗಿರಿಯ ದಕ್ಷಿಣದ ತಪ್ಪಲಿನಲ್ಲಿ ಥಾಮಸ್ ಕ್ಯಾನನ್ ಮೊದಲಾದ ಯೂರೋಪಿಯನ್ನರು ಕ್ರಮಬದ್ಧವಾದ ತೋಟಗಳನ್ನು ಹೂಡಿದರು. ಪಕ್ಕದ ಮಂಜರಾಬಾದಿನ ಸೀಮೆಯಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಕೃಷಿ ಮೂರನ್ನೂ ಒಟ್ಟಿಗೆ ಸೇರಿಸಿದ್ದನೆಂಬುದು ಆ ಕಾಲದ ತೋಟಗಾರನ ದಿನಚರಿಯಲ್ಲಿ ಕೋವಿಗೆ ಎಂಥ ಸ್ಥಾನವಿತ್ತೆಂಬುದನ್ನು ಸೂಚಿಸುತ್ತದೆ. ಈ ತೋಟಗಾರರಲ್ಲಿ ಅನೇಕರು ಅರೆಕಾಲಿಕ ಸೈನಿಕರೂ ಆಗಿದ್ದರು. ಕೊಡಗು ಮತ್ತು ಮೈಸೂರು ಸೀಮೆಯ ಯೂರೋಪಿಯನ್ ಸ್ವಯಂಸೇವಕರ ‘ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್’ ಎಂಬ ಪಡೆಯು ಮುಂದೆ ಆಗ್ಜಿಲಿಯರಿ ಫೋರ್ಸಿನ ಅಂಗವಾಯಿತು. ಹೀಗೆ ಕವಾತಿನ ಆಯುಧವೂ ಬೇಟೆಯ ಆಯುಧವೂ ಒಂದೇ ಬಂಗಲೆಯ ಗೋಡೆಯನ್ನು ಹಂಚಿಕೊಂಡವು.

ಬಳಿಕ ಎರಡು ಮಹಾಯುದ್ಧಗಳು ಬಂದವು. ಮೊದಲನೆಯದರಿಂದ ಮರಳಿದ ಅಧಿಕಾರಿಗಳ ಸೊಂಟದಲ್ಲಿ ವೆಬ್ಲಿ ರಿವಾಲ್ವರು ಇತ್ತು. ಎರಡನೆಯದು ಬರ್ಮಾದ ಕಾಡುಗಳಲ್ಲಿ ಮುಗಿದಾಗ ಶರಣಾದ ಜಪಾನೀ ಅಧಿಕಾರಿಗಳ ನಂಬು ಪಿಸ್ತೂಲುಗಳು ಗೆದ್ದವರ ಸಾಮಾನಿನ ಪೆಟ್ಟಿಗೆಯನ್ನು ಸೇರಿದವು. ಸ್ವಾತಂತ್ರ್ಯಾನಂತರ ಬಿಳಿಯ ತೋಟಗಾರರು ಒಬ್ಬೊಬ್ಬರಾಗಿ ತೋಟವನ್ನು ಮಾರಿ ಹಿಂದಿರುಗಿದಾಗ ಕೊಂಡುಕೊಂಡ ನಮ್ಮವರಿಗೆ ಜಮೀನು, ಡ್ರೈಯಿಂಗ್ ಯಾರ್ಡು, ಬಂಗಲೆಯ ಮೇಜು ಕುರ್ಚಿಗಳ ಜೊತೆಗೆ ಕೆಲವು ಕಡೆ ಆಯುಧಗಳೂ ಕಾಗದದ ಮೂಲಕ ವರ್ಗವಾದವು. ನಿವೃತ್ತರಾಗಿ ಊರಿಗೆ ಮರಳಿ ತೋಟ ಹಿಡಿದ ನಮ್ಮದೇ ಸೈನ್ಯಾಧಿಕಾರಿಗಳ ಕಾಣಿಕೆಯೂ ಇದರಲ್ಲಿ ಸೇರಿದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಬರಹವನ್ನು ಓದಿದವರಿಗೆ ಮಲೆನಾಡಿನ ಬದುಕಿನಲ್ಲಿ ಕೋವಿ ಎಷ್ಟು ಸಹಜವಾದ ವಸ್ತುವೆಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಕೋವಿ ನಿತ್ಯದ ಬಳಕೆಯದು, ಹಂದಿ ಮಂಗಗಳ ಕಾಟಕ್ಕೆ ಬೇಕಾದದ್ದು; ಪಿಸ್ತೂಲು ಹಾಗಲ್ಲ, ಅದು ಮನೆತನದ ಪ್ರತಿಷ್ಠೆಯ ವಸ್ತುವಾಗಿ ಪೆಟ್ಟಿಗೆಯಲ್ಲಿ ಕುಳಿತುಬಿಟ್ಟಿತು. ಕುಳಿತ ವಸ್ತುವಿನ ಸುತ್ತ ಕಥೆ ಬೆಳೆಯುವುದು ಸಹಜವಷ್ಟೆ.

ಐತಿಹ್ಯವನ್ನು ಒರೆಗೆ ಹಚ್ಚುವುದು

‘ಇದು ಬಲಂ ಪಾಳೆಯಗಾರರ ಕಾಲದ್ದು ಮಾರಾಯ್ರೆ, ನಮ್ಮ ಮುತ್ತಜ್ಜನ ಅಜ್ಜ ದಂಡಿನವರ ಕೈಯಿಂದ ಕಿತ್ತುಕೊಂಡದ್ದು’ ಎಂಬಂಥ ಮಾತು ಈ ಸೀಮೆಯಲ್ಲಿ ಕೇಳಿಬರುವಂಥದೇ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಮಂಜರಾಬಾದಿನ ಕಾಡುಗಳನ್ನು ಹೊಕ್ಕು ಐಗೂರಿನ ಬಲಂ ಪಾಳೆಯಗಾರನ ಪ್ರತಿಭಟನೆಯನ್ನು ಅಡಗಿಸಿದ್ದು ನಿಜವೇ ಆದ್ದರಿಂದ ಈ ಮಾತನ್ನು ಕೇಳಿದೊಡನೆ ತಳ್ಳಿಹಾಕುವಂತಿಲ್ಲ. ಆದರೆ ಪಿಸ್ತೂಲನ್ನು ಕೈಗೆತ್ತಿಕೊಂಡು ಅದರ ಕುದುರೆಯನ್ನು, ಎಂದರೆ ಹೊಡೆಯುವ ಸುತ್ತಿಗೆಯ ಭಾಗವನ್ನು, ನೋಡಿದರೆ ಅರ್ಧ ತೀರ್ಪು ಅಲ್ಲಿಯೇ ದೊರಕುತ್ತದೆ.

ಕುದುರೆಯ ಬಾಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿಸುವ ತಿರುಪು ಇದ್ದು, ಎದುರಿಗೆ ಕಿಡಿ ಹಾರಿಸುವ ಉಕ್ಕಿನ ಫಲಕವೂ ಅದರ ಬುಡದಲ್ಲಿ ಮದ್ದಿನ ಬಟ್ಟಲೂ ಇದ್ದರೆ ಅದು ಚಕಮಕಿ ಪಿಸ್ತೂಲು. 1802ರ ಕಾಳಗದಲ್ಲಿ ಇರಬಹುದಾದದ್ದು. ಅದರ ಬದಲು ಕುದುರೆಯ ತಲೆ ಬಟ್ಟಲಿನಂತೆ ತಗ್ಗಾಗಿದ್ದು, ನಳಿಗೆಯ ಹಿಂತುದಿಯಲ್ಲಿ ಕೇಪನ್ನು ಕೂರಿಸುವ ಪುಟ್ಟ ತೊಟ್ಟು ಇದ್ದರೆ ಅದು ಕೇಪಿನ ಪಿಸ್ತೂಲು. ಸಿಡಿಮದ್ದಿನ ತತ್ವಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೊರ್ಸೈತ್ ಪೇಟೆಂಟು ಪಡೆದದ್ದು 1807ರಲ್ಲಿ. ಬ್ರಿಟಿಷ್ ಸೈನ್ಯವು ಕೇಪಿನ ಪದ್ಧತಿಗೆ ತಿರುಗಿದ್ದು 1840ರ ಆಸುಪಾಸಿನಲ್ಲಿ. ಆದುದರಿಂದ ಹುಟ್ಟಿದಾಗಿನಿಂದಲೂ ಕೇಪಿನದೇ ಆದ ಪಿಸ್ತೂಲು 1802ರ ಯುದ್ಧದಲ್ಲಿ ಇದ್ದಿರಲು ಸಾಧ್ಯವಿಲ್ಲ. ಮನೆಯವರ ಕಥೆಗೂ ಮನೆಯಲ್ಲಿರುವ ವಸ್ತುವಿಗೂ ನಡುವೆ ನಾಲ್ಕು ದಶಕಗಳ ಕಂದಕ ಬಿದ್ದಿತು.

ಆದರೆ ಅಲ್ಲಿಗೇ ನಿಲ್ಲಬಾರದು. ಹಳೆಯ ಚಕಮಕಿ ಪಿಸ್ತೂಲುಗಳನ್ನು ಕೇಪಿನ ಪದ್ಧತಿಗೆ ಮಾರ್ಪಡಿಸುವ ಕೆಲಸ ಆಗ ಎಲ್ಲ ದೇಶಗಳಲ್ಲಿಯೂ ನಡೆಯಿತು. ಕುದುರೆಯ ಪಕ್ಕದ ಉಕ್ಕಿನ ತಗಡಿನ ಮೇಲೆ ಒಂದು ಕಾಲದಲ್ಲಿ ಕಿಡಿಫಲಕದ ಸ್ಪ್ರಿಂಗು ಕೂತಿದ್ದ ತೂತುಗಳನ್ನು ಮುಚ್ಚಿದ ಗುರುತು ದುಂಡಗೆ ಕಾಣುತ್ತಿದ್ದರೆ, ಮದ್ದಿನ ಬಟ್ಟಲನ್ನು ಕತ್ತರಿಸಿ ತೆಗೆದ ಜಾಗದಲ್ಲಿ ತಗಡಿನ ಅಂಚು ಒಳಸರಿದಿದ್ದರೆ, ಕಥೆಗೆ ಮತ್ತೆ ಜೀವ ಬಂದಂತಾಯಿತು. ಐತಿಹ್ಯವನ್ನು ಅವಮಾನಿಸದೆ, ಅದಕ್ಕೆ ಸೋಲದೆ, ಲೋಹದ ಎದುರಿಗೆ ಅದನ್ನು ನಿಲ್ಲಿಸಿ ಕೇಳುವ ಈ ಕ್ರಮವೇ ಪರೀಕ್ಷಕನ ಧರ್ಮ. ಆದರೆ ತುಪಾಕಿಯೇ ಆಗಲಿ ಪಿಸ್ತೂಲೇ ಆಗಲಿ, ಬಾಯಿಯಿಂದ ಮದ್ದು ಜಡಿಯುವಂಥದಾದರೆ ಪರೀಕ್ಷೆಗೆ ಮೊದಲು ಗಜವನ್ನು ಒಳಗಿಳಿಸಿ ಅದು ಇಳಿದ ಆಳವನ್ನೂ ನಳಿಗೆಯ ಹೊರ ಉದ್ದವನ್ನೂ ಹೋಲಿಸಿ ನೋಡುವುದು ಅಗತ್ಯ. ಎರಡಕ್ಕೂ ಒಂದೆರಡು ಅಂಗುಲ ವ್ಯತ್ಯಾಸ ಕಂಡರೆ ಯಾವನೋ ಪೂರ್ವಿಕ ಜಡಿದ ಮದ್ದು ಗುಂಡುಗಳು ಇನ್ನೂ ಒಳಗಿವೆಯೆಂದು ಸಂಶಯಿಸಿ, ಬಲ್ಲವರ ಕೈಗೆ ಅದನ್ನು ಒಪ್ಪಿಸತಕ್ಕದ್ದು.

ಪಟ್ಟಣದ ಹುಲಿಪಟ್ಟೆ

ಮೈಸೂರು ಸೀಮೆಯಲ್ಲಿ ಹಳೆಯ ಪಿಸ್ತೂಲೆಂದೊಡನೆ ಟಿಪ್ಪುವಿನ ಹೆಸರು ನಾಲಗೆಗೆ ಬರುವುದು. ನಕಲಿಗಳ ಕಾರ್ಖಾನೆಯೂ ಆ ಹೆಸರಿನ ಸುತ್ತಲೇ ಹೆಚ್ಚು. ಶ್ರೀರಂಗಪಟ್ಟಣದ ಕಮ್ಮಟಗಳಲ್ಲಿ ನಿರ್ಮಾಣವಾದ ರಾಜಾಯುಧಗಳಿಗೆ ತಮ್ಮದೇ ಆದ ಲಕ್ಷಣಾವಳಿಯಿದೆ: ನಳಿಗೆಯ ಮೇಲೆ ಹರಿದ ಹುಲಿಪಟ್ಟೆಯ ವಿನ್ಯಾಸ, ಹುಲಿಯ ಮುಖವಾಗಿ ಹೆಣೆದ ಅಕ್ಷರಲಿಪಿ, ಪಟ್ಟಣದಲ್ಲಿ ತಯಾರಾಯಿತೆಂಬ ಉಲ್ಲೇಖ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಈ ಶಕೆಯ ಅಂಕಿಗಳನ್ನು ಅವನ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಓದಬೇಕು. ಈ ಸೂಕ್ಷ್ಮವನ್ನರಿಯದ ನಕಲುಗಾರನು ಎಡದಿಂದ ಬಲಕ್ಕೆ ಕೆತ್ತಿ ಸಿಕ್ಕಿಬೀಳುವನು. ಇನ್ನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಪಿಸ್ತೂಲುಗಳ ಮೇಲೆ ಮೊದಮೊದಲು ಹೃದಯಾಕಾರದ ವ್ಯಾಪಾರಮುದ್ರೆಯೂ ಹತ್ತೊಂಬತ್ತನೆಯ ಶತಮಾನದ ಆರಂಭದ ವರ್ಷಗಳಿಂದ ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆಯೂ ಕಾಣುತ್ತವೆ. ಪ್ರವಾಸಿಗರಿಗಾಗಿ ಎರಕ ಹೊಯ್ದ ಅಲಂಕಾರದ ಪಿಸ್ತೂಲುಗಳು ಇವೆರಡನ್ನೂ ಒಂದೇ ತಗಡಿನ ಮೇಲೆ ಒತ್ತಿ, ಪಕ್ಕದಲ್ಲಿ ಯಾವುದೋ ವರ್ಷವನ್ನು ಕೂರಿಸಿ, ಮರಕ್ಕೆ ಬೂಟ್‌ಪಾಲಿಶ್ ಬಳಿದು ಬರುತ್ತವೆ. ಅವುಗಳ ಅಕ್ಷರಗಳ ಅಂಚು ಎರಕದಲ್ಲಿ ಹುಟ್ಟಿದ್ದರಿಂದ ಮೊಂಡಾಗಿರುತ್ತದೆ. ಅಚ್ಚಿನಿಂದ ಹೊಡೆದ ಅಕ್ಷರದ ಸುತ್ತ ಉಕ್ಕು ಕೊಂಚ ಉಬ್ಬಿ ನಿಲ್ಲುವಂತೆ ಇಲ್ಲಿ ನಿಲ್ಲುವುದಿಲ್ಲ.

ಬೆಲೆಯನ್ನು ಕಟ್ಟುವುದರಲ್ಲಿ ಪತ್ರದ ಬಲವೆಷ್ಟೆಂಬುದಕ್ಕೆ ಟಿಪ್ಪುವಿನ ಆಯುಧಗಳೇ ನಿದರ್ಶನ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ ಹರಾಜಾದ ಬೆಳ್ಳಿಯ ಅಲಂಕಾರದ ಚಕಮಕಿ ಕೋವಿಯೊಂದು 60,000 ಪೌಂಡುಗಳಿಗೆ ಹೋಯಿತು. ಅದು ಒಂದು ಮನೆಯ ಅಟ್ಟದಿಂದ ಹೊರಬಂದದ್ದಾದರೂ, ಕಂಪನಿಯ ಸೈನ್ಯದ ಮೇಜರ್ ಥಾಮಸ್ ಹಾರ್ಟ್ ಎಂಬಾತನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ತಂದದ್ದೆಂಬ ವಂಶಪರಂಪರೆ ಅದಕ್ಕಿತ್ತು. ಟಿಪ್ಪುವಿನ ಶಯನಾಗಾರದ್ದೆಂದು ಪ್ರಸಿದ್ಧವಾದ, ಆ ಪಟ್ಟಣದ ಮೇಲಿನ ದಾಳಿಯ ನಾಯಕ ಡೇವಿಡ್ ಬೇರ್ಡನಿಗೆ ಸಮರ್ಪಿತವಾದ ಕತ್ತಿಗೆ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡು ದೊರೆತದ್ದೂ ಅಖಂಡವಾದ ಪರಂಪರೆಯ ಬಲದಿಂದಲೇ. ಇನ್ನೊಂದು ಬಗೆಯ ಸಾಕ್ಷ್ಯವೂ ಇದೆ. 2018ರ ಜುಲೈಯಲ್ಲಿ ನಮ್ಮ ನೆರೆಯ ಹೊಸನಗರ ತಾಲೂಕಿನ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಕೆಸರಿನಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿ ಯುದ್ಧರಾಕೆಟ್ಟುಗಳು ಹೊರಬಂದವು. ಅವುಗಳ ಮೇಲೆ ಹುಲಿಪಟ್ಟೆಯಿಲ್ಲ, ರತ್ನವಿಲ್ಲ, ತುಕ್ಕು ತಿಂದ ಕಬ್ಬಿಣದ ಕೊಳವೆಗಳಷ್ಟೆ. ಆದರೂ ಅವುಗಳ ಅಸಲಿತನವನ್ನು ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಅವು ದೊರೆತ ಸ್ಥಳವೇ ಅವುಗಳ ಪತ್ರವಾಗಿತ್ತು.

ವೆಬ್ಲಿಯ ಮೈಮೇಲಿನ ಬರಹ

ಟಿಪ್ಪುವಿನ ಪಿಸ್ತೂಲು ಮಲೆನಾಡಿನ ಸಾಮಾನ್ಯ ಮನೆಯಲ್ಲಿ ಸಿಕ್ಕುವ ಸಂಭವ ತೀರ ವಿರಳ, ವೆಬ್ಲಿಯದು ಹಾಗಲ್ಲ. ಆದುದರಿಂದ ವೆಬ್ಲಿ ಮಾರ್ಕ್ ಆರು ಎಂಬ ರಿವಾಲ್ವರನ್ನು ತುಸು ಸಾವಧಾನವಾಗಿ ನೋಡುವುದು ಉಪಯುಕ್ತ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಈ ಮಾದರಿಯನ್ನು ಬ್ರಿಟಿಷ್ ಸೈನ್ಯವು 1915ರ ಮೇ ತಿಂಗಳಲ್ಲಿ ಸ್ವೀಕರಿಸಿತು. ಆರು ಅಂಗುಲದ ನಳಿಗೆ, ಚೌಕನೆಯ ಹಿಡಿ, ಸುಮಾರು ಒಂದು ಕಿಲೋ ತೂಕ, .455 ಬೋರಿನ ಆರು ತೋಟೆಗಳು. ಹೆಬ್ಬೆರಳಿನಿಂದ ಚಿಲಕವನ್ನು ಒತ್ತಿದರೆ ನಡುವೆ ಮಡಿಸಿಕೊಂಡು ಖಾಲಿ ತೋಟೆಗಳನ್ನೆಲ್ಲ ಒಮ್ಮೆಗೇ ಹೊರಚೆಲ್ಲುವ ರಚನೆ. 

ಪರೀಕ್ಷಕನು ಮೊದಲು ಚೌಕಟ್ಟಿನ ಮೇಲಿನ ಸಂಖ್ಯೆಯನ್ನು ಓದಿಕೊಂಡು, ಅದೇ ಸಂಖ್ಯೆ ತಿರುಗುವ ಸಿಲಿಂಡರಿನ ಮೇಲೂ ಇದೆಯೇ ಎಂದು ನೋಡುತ್ತಾನೆ. ಇದ್ದರೆ ಇವೆರಡೂ ಕಾರ್ಖಾನೆಯಿಂದ ಒಟ್ಟಿಗೆ ಹೊರಟ ಒಡಹುಟ್ಟುಗಳು. ಇಲ್ಲದಿದ್ದರೆ ದಂಡಿನ ರಿಪೇರಿ ಶಾಲೆಯಲ್ಲಿಯೋ ಆಮೇಲಿನ ಯಾವುದೋ ಅಂಗಡಿಯಲ್ಲಿಯೋ ಬದಲಾವಣೆ ಆಗಿದೆ. ಚೌಕಟ್ಟಿನ ಮಗ್ಗುಲಿನಲ್ಲಿ ತಯಾರಿಕೆಯ ವರ್ಷವಿರುವುದು. ಸರ್ಕಾರದ ಸ್ವತ್ತೆಂಬುದಕ್ಕೆ ಮೂರು ಗೆರೆಗಳ ಅಗಲ ಬಾಣದ ಗುರುತು. ಭಾರತ ಸರ್ಕಾರದ ಪಾಲಿಗೆ ಬಂದದ್ದಾದರೆ ಬಾಣದ ಕೆಳಗೆ ‘ಐ’ ಎಂಬ ಇಂಗ್ಲಿಷ್ ಅಕ್ಷರ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಕ್ಷತ್ರದಂತೆ ನಿಂತಿದ್ದರೆ ಸರ್ಕಾರವು ಆ ಆಯುಧವನ್ನು ಸೇವೆಯಿಂದ ಬಿಡುಗಡೆ ಮಾಡಿ ಮಾರಿತೆಂದು ಅರ್ಥ. ಮನೆಯವರು ‘ಸೈನ್ಯದಿಂದ ನೇರ ತಂದದ್ದು’ ಎನ್ನುವಾಗ ಈ ಜೋಡಿ ಬಾಣ ಇದೆಯೋ ಇಲ್ಲವೋ ಎಂಬುದು ಆ ಮಾತಿನ ತೂಕವನ್ನು ಬದಲಿಸುತ್ತದೆ. ಅಧಿಕಾರಿಗಳು ತಮ್ಮ ಪಿಸ್ತೂಲನ್ನು ಸ್ವಂತ ಹಣದಿಂದ ಕೊಳ್ಳುವ ಪದ್ಧತಿಯೂ ಬ್ರಿಟಿಷ್ ಸೈನ್ಯದಲ್ಲಿದ್ದುದರಿಂದ, ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸಿನಂಥ ಅಂಗಡಿಯ ಹೆಸರು ನಳಿಗೆಯ ಮೇಲೆ ಕೆತ್ತಿದ್ದರೆ ಅದೊಂದು ಬೇರೆಯ, ಅಷ್ಟೇ ಗೌರವದ ವಂಶ.

ಇನ್ನು ಹಿಡಿಯ ವಿಚಾರ. ಕಾರ್ಖಾನೆಯಿಂದ ಬಂದ ಮಾರ್ಕ್ ಆರರ ಹಿಡಿಗೆ ವಲ್ಕನೈಟ್ ಎಂಬ ಗಟ್ಟಿ ರಬ್ಬರಿನ ಕಪ್ಪು ಪಟ್ಟಿಗಳಿದ್ದು ಅವುಗಳ ಮೇಲೆ ಸಣ್ಣ ಚೌಕುಳಿ ಗೀರುಗಳಿರುತ್ತವೆ. ಈ ಪಟ್ಟಿ ಬಿದ್ದರೆ ಒಡೆಯುವಂಥದು. ಒಡೆದಾಗ ಲಂಡನ್ನಿಗೆ ಬರೆದು ತರಿಸುವಷ್ಟು ವ್ಯವಧಾನ ಯಾರಿಗಿತ್ತು? ಊರಿನ ಆಚಾರಿ ಬೀಟೆಯ ತುಂಡೊಂದನ್ನು ತೆಗೆದು, ಕೈಯ ಅಳತೆಗೆ ಕೆತ್ತಿ, ಅಂಗೈ ತಾಗುವ ಕಡೆ ಮೇಣ ಉಜ್ಜಿ ಕೂರಿಸಿಕೊಟ್ಟನು. ವಿದೇಶದ ಸಂಗ್ರಾಹಕನ ಪಟ್ಟಿಯಲ್ಲಿ ಇದು ‘ಬದಲಿಸಿದ ಹಿಡಿ’ ಎಂಬ ದೋಷವಾಗಿ ದಾಖಲಾಗಿ ಬೆಲೆಯನ್ನು ಇಳಿಸುವುದು. ಆದರೆ ಬರ್ಮಿಂಗ್‌ಹ್ಯಾಮಿನ ಉಕ್ಕಿಗೆ ಬಾಳೂರಿನದೋ ಕಳಸದ್ದೋ ಬೀಟೆ ಅಂಟಿಕೊಂಡ ಆ ಸಂದರ್ಭವು ಈ ಬೆಟ್ಟದ ಚರಿತ್ರೆಯ ಭಾಗ. ಮಾರುಕಟ್ಟೆಯ ದೃಷ್ಟಿಯಿಂದ ಅದು ನ್ಯೂನತೆ, ಮನೆಯ ಇತಿಹಾಸದ ದೃಷ್ಟಿಯಿಂದ ಸಂಪತ್ತು, ಎರಡೂ ನಿಜ. ಮಾಡಬಾರದ ಕೆಲಸವೆಂದರೆ ಬೀಟೆಯ ಹಿಡಿಯನ್ನು ಎಸೆದು ಎಲ್ಲಿಂದಲೋ ಹೊಸ ರಬ್ಬರ್ ಪಟ್ಟಿ ತಂದು ಜೋಡಿಸಿ ‘ಮೂಲಸ್ವರೂಪ’ ಎಂದು ಹೇಳಿಕೊಳ್ಳುವುದು.

ಇದೇ ನ್ಯಾಯವು ಇತರ ದೇಶಗಳ ಪಿಸ್ತೂಲುಗಳಿಗೂ ಅನ್ವಯಿಸುತ್ತದೆ. ಜರ್ಮನಿಯ ಸೈನ್ಯ 1908ರಲ್ಲಿ ಸ್ವೀಕರಿಸಿದ ಲ್ಯೂಗರ್ ಪಿಸ್ತೂಲಿನ ಚಿಕ್ಕಚಿಕ್ಕ ಭಾಗಗಳ ಮೇಲೆಯೂ ಮೂಲಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಒತ್ತಿರುತ್ತಾರೆ. ಅವೆಲ್ಲವೂ ಹೊಂದಿಕೊಂಡರೆ ಬೆಲೆ ಏರುವುದು, ಒಂದೇ ಒಂದು ಪಿನ್ನು ಬೇರೆಯಾದರೂ ಸಂಗ್ರಾಹಕನು ಹಿಂದೆಗೆಯುವನು. ಬರ್ಮಾದಿಂದ ಬಂದ ನಂಬು ಹದಿನಾಲ್ಕನೆಯ ಮಾದರಿಯ ಬಲಮಗ್ಗುಲಿನಲ್ಲಿ ‘19.5’ ಎಂಬಂಥ ಅಂಕಿಯನ್ನು ಕಂಡು ಅದು 1905ರದೆಂದೋ ಇನ್ನಾವುದೋ ಸಂಖ್ಯೆಯೆಂದೋ ಊಹಿಸುವವರುಂಟು. ಅದು ಶೋವಾ ಚಕ್ರವರ್ತಿಯ ಆಳ್ವಿಕೆಯ 19ನೆಯ ವರ್ಷದ ಐದನೆಯ ತಿಂಗಳು. ವರ್ಷಕ್ಕೆ 1925ನ್ನು ಕೂಡಿಸಿದರೆ 1944ರ ಮೇ ದೊರೆಯುವುದು, ಇಂಫಾಲ ಕೊಹಿಮಾಗಳ ಕದನ ನಡೆಯುತ್ತಿದ್ದ ತಿಂಗಳು. ಹಾಗೆಂದು ಆ ತಿಂಗಳು ಜಪಾನಿನಲ್ಲಿ ಹೊರಬಂದ ಪಿಸ್ತೂಲು ಕೊಹಿಮಾದ ಮುತ್ತಿಗೆಯಲ್ಲಿ ಸಿಕ್ಕಿತೆಂಬ ಕಥೆ ನಿಲ್ಲಲಾರದು. ಸಮುದ್ರವನ್ನೂ ಕಾಡನ್ನೂ ದಾಟಿ ಬರಲು ಅದಕ್ಕೆ ಕಾಲ ಬೇಡವೆ?

ಸುಳ್ಳು ಸಿಕ್ಕಿಬೀಳುವ ಎಡೆಗಳು

ನಕಲುಗಾರನು ಎಷ್ಟೇ ನಿಪುಣನಾದರೂ ಎಲ್ಲ ಕಡೆಯೂ ಎಚ್ಚರವಾಗಿರಲಾರ. ವಾಯವ್ಯ ಗಡಿಯ ದರ್ರಾ ಆದಮ್ ಖೇಲಿನ ಕಸುಬುದಾರರು ಬ್ರಿಟಿಷ್ ಆಯುಧಗಳನ್ನು ಅರದಿಂದ ಅರೆದು ಕೈಯಲ್ಲೇ ತಯಾರಿಸಿ ಹೆಸರಾದವರು. ಆದರೆ ಇಂಗ್ಲಿಷ್ ಓದು ಬಾರದ ಕೈಯಲ್ಲಿ ಅಕ್ಷರಗಳು ತಲೆಕೆಳಗಾದವು, ಕಾಗುಣಿತ ತಪ್ಪಿತು, ಸಾಲು ಡೊಂಕಾಯಿತು. ವಿಕ್ಟೋರಿಯಾ ರಾಣಿಯ ನಾಮಾಕ್ಷರಗಳ ಪಕ್ಕದಲ್ಲಿ 1907 ಎಂದು ಕಂಡರೆ ಬೇರೆ ಪರೀಕ್ಷೆಯೇ ಬೇಡ, ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು 1813ರಿಂದ ಹೊಡೆಯುತ್ತಿದ್ದ ಅಡ್ಡ ರಾಜದಂಡಗಳ ಮುದ್ರೆಯು 1904ರಲ್ಲಿ ಕಿರೀಟ ಮತ್ತು ಅಕ್ಷರಗಳ ಮುದ್ರೆಗೆ ಎಡೆಗೊಟ್ಟಿತು. ಮುದ್ರೆ ಒಂದು ಕಾಲದ್ದು, ಮಾದರಿ ಮತ್ತೊಂದು ಕಾಲದ್ದು ಆದರೆ ಅಲ್ಲಿಯೂ ಸಂದೇಹಕ್ಕೆ ಕಾರಣವುಂಟು.

ಮುದ್ರೆಗಳಿಗಿಂತ ಪ್ರಾಮಾಣಿಕವಾದದ್ದು ಸವಕಲು. ಚರ್ಮದ ಒರೆಯೊಳಗೆ ಹೊಕ್ಕು ಹೊರಬಂದು ಬಾಳಿದ ಪಿಸ್ತೂಲಿನಲ್ಲಿ ನಳಿಗೆಯ ಮೂತಿಯ ಅಂಚು, ಹಿಡಿಯ ಉಬ್ಬು, ಹೆಬ್ಬೆರಳು ತಾಗುವ ಚಿಲಕ ಮೊದಲು ಸವೆಯುತ್ತವೆ. ಸಂದುಗಳಲ್ಲಿ ಕರಿನೀಲಿ ಮೆರುಗು ಹಾಗೆಯೇ ನಿಲ್ಲುತ್ತದೆ. ಆಮ್ಲ ಹಾಕಿ ಮುದಿತನ ತರಿಸಿದ ವಸ್ತುವಿನಲ್ಲಿ ಕೈ ತಾಗದ ಸಂದಿನಲ್ಲಿಯೂ ಕೈಯುಜ್ಜುವ ಉಬ್ಬಿನಲ್ಲಿಯೂ ಒಂದೇ ಸಮನೆ ಕುಳಿಗಳು ಬಿದ್ದಿರುತ್ತವೆ. ಹೊಸದಾಗಿ ಮೆರುಗು ಕೊಡಿಸಿದ ಪಿಸ್ತೂಲು ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತದೆ: ಹಳೆಯ ತುಕ್ಕಿನ ಕುಳಿಗಳ ಒಳಗೂ ಹೊಸ ನೀಲಿ ಹೊಳೆಯುವುದು, ಅಚ್ಚಿನ ಅಕ್ಷರಗಳ ತುದಿ ಮೇಣದಂತೆ ಕರಗಿರುವುದು, ತಿರುಪಿನ ತಲೆಗಳು ದಪ್ಪ ತಿರುಪುಳಿಯಿಂದ ಕಿತ್ತುಹೋಗಿರುವುದು. ಅಮೆರಿಕಾದಲ್ಲಿ ಮಾರಾಟವಾದ ಅನೇಕ ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು ಅಲ್ಲಿ ಸುಲಭವಾಗಿ ದೊರೆಯುವ .45 ತೋಟೆಗಾಗಿ ಅರೆದುಬಿಟ್ಟರು; ಕೆಲಸಕ್ಕೆ ಅನುಕೂಲವಾಯಿತು, ಬೆಲೆಗೆ ಕುತ್ತಾಯಿತು.

ಮಳೆ ಮತ್ತು ಒರೆ

ಈ ಸೀಮೆಯಲ್ಲಿ ನಕಲುಗಾರನಿಗಿಂತ ದೊಡ್ಡ ಶತ್ರು ಮಳೆ. ಜೂನ್ ಮೊದಲಾಗಿ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಕಳಸ, ಮೂಡಿಗೆರೆಗಳಲ್ಲಿ ಪಿಸ್ತೂಲನ್ನು ಅದರ ಚರ್ಮದ ಒರೆಯಲ್ಲಿಯೇ ಇಟ್ಟುಬಿಡುವುದು ಅತ್ಯಂತ ಸಾಮಾನ್ಯವಾದ, ಅತ್ಯಂತ ಹಾನಿಕರವಾದ ಅಭ್ಯಾಸ. ಚರ್ಮವು ತೇವವನ್ನು ಹೀರಿ ಹಿಡಿದುಕೊಳ್ಳುವುದಲ್ಲದೆ, ಹದ ಮಾಡಿದ ರಾಸಾಯನಿಕಗಳ ಉಳಿಕೆಯಿಂದ ಉಕ್ಕನ್ನು ಕೊರೆಯುತ್ತದೆ. ಒರೆಯ ಹಿತ್ತಾಳೆಯ ಗುಂಡಿ ತಾಗುವಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಒರೆಯನ್ನು ಎಸೆಯಬಾರದು, ಅದರ ಮೇಲೂ ತಯಾರಕನ ಹೆಸರು ಮತ್ತು ವರ್ಷ ಒತ್ತಿರುವುದುಂಟು, ಅದೂ ಸಾಕ್ಷಿಯೇ; ಆದರೆ ಎರಡನ್ನೂ ಬೇರೆಬೇರೆಯಾಗಿ ಇರಿಸತಕ್ಕದ್ದು. ಉಕ್ಕಿಗೆ ಖನಿಜತೈಲದ ತೆಳುವಾದ ಲೇಪ ಸಾಕು. ತೆಂಗಿನೆಣ್ಣೆ ಕಾಲಕ್ರಮದಲ್ಲಿ ಜಿಡ್ಡುಗಟ್ಟಿ ಧೂಳನ್ನು ಹಿಡಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ನಿಂತ ಹಳೆಯ ಪೊರೆಯು ಉಕ್ಕಿಗೆ ಚರ್ಮವಿದ್ದಂತೆ, ಅದನ್ನು ಸುಲಿಯಬಾರದು. ಕೈಗೆ ಪುಡಿಯಾಗಿ ಅಂಟುವ ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಬಟ್ಟೆಯಿಂದ ಮೆಲ್ಲನೆ ಒರೆಸಬೇಕು. ಹಬ್ಬದ ದಿನವೂ ಅಷ್ಟೇ: ಕುಂಕುಮವನ್ನು ಪಿಸ್ತೂಲಿನ ಕೆಳಗೆ ಹಾಸಿದ ಬಟ್ಟೆಗಿಟ್ಟರೆ ದೇವರು ಮುನಿಯನು.

ಬೆಲೆ ಯಾರಿಗೆ?

ಹೊರದೇಶಗಳ ಹರಾಜಿನಲ್ಲಿ ಬೆಲೆಯನ್ನು ನಿರ್ಣಯಿಸುವ ಅಂಶಗಳು ಸ್ಪಷ್ಟವಾಗಿವೆ: ಅಪರೂಪತೆ, ಮೂಲಮೆರುಗಿನ ಉಳಿವು, ಭಾಗಗಳ ಹೊಂದಾಣಿಕೆ, ಯಾರ ಕೈಯಲ್ಲಿತ್ತೆಂಬುದರ ಪುರಾವೆ. 1847ರಲ್ಲಿ ಸುಮಾರು 1,100 ಮಾತ್ರ ತಯಾರಾದ ಕೋಲ್ಟ್ ವಾಕರ್ ರಿವಾಲ್ವರುಗಳಲ್ಲಿ ತನ್ನ ಪೆಟ್ಟಿಗೆಯೊಡನೆ ಉಳಿದುಬಂದ ಒಂದಕ್ಕೆ 2018ರಲ್ಲಿ 18.4 ಲಕ್ಷ ಡಾಲರು ದೊರೆಯಿತು. ಮೂರು ಲಕ್ಷದಷ್ಟು ತಯಾರಾದ ವೆಬ್ಲಿ ಮಾರ್ಕ್ ಆರಕ್ಕೆ ಅಂಥ ಭಾಗ್ಯವನ್ನು ನಿರೀಕ್ಷಿಸುವುದು ವ್ಯರ್ಥ. ಮಿಗಿಲಾಗಿ, ಈ ಅಂಕಿಗಳನ್ನು ಓದಿ ತನ್ನ ಬೀರುವಿನಲ್ಲಿ ಲಕ್ಷಗಳು ಮಲಗಿವೆಯೆಂದು ಭಾವಿಸುವ ಕಾಫಿ ಬೆಳೆಗಾರನು ನಮ್ಮ ಕಾನೂನನ್ನು ಒಮ್ಮೆ ಓದುವುದು ಒಳ್ಳೆಯದು.

1959ರ ಶಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಬಂದೂಕು ಪಿಸ್ತೂಲುಗಳನ್ನು ಇಟ್ಟುಕೊಳ್ಳುವುದು ಅಪರಾಧ. .455 ಬೋರಿನ ವೆಬ್ಲಿಯೂ .38 ಬೋರಿನ ಸೇನಾ ರಿವಾಲ್ವರುಗಳೂ ಸೈನ್ಯದ 9 ಮಿಲಿಮೀಟರ್ ತೋಟೆ ಹಾರಿಸುವ ಪಿಸ್ತೂಲುಗಳೂ ನಿಷೇಧಿತ ಬೋರಿನ ವರ್ಗಕ್ಕೆ ಸೇರಿದವು. ನಾಗರಿಕನಿಗೆ ಸುಲಭವಾಗಿ ದೊರೆಯುವುದು ಕಾನಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿನಂಥದು, ಅದರ ವಿನ್ಯಾಸವೂ ವೆಬ್ಲಿಯದೇ ಸಂತಾನ. 2019ರ ಡಿಸೆಂಬರಿನ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ರಿಪೇರಿ ಮಾಡಿದರೂ ಬಳಕೆಗೆ ಬಾರದ ಪ್ರಾಚೀನ ಮಾದರಿಗಳಿಗೆ ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ಕ್ಯೂರಿಯೋ ಎಂದು ಪರಿಗಣಿತವಾದ ಆಯುಧಗಳನ್ನು ಇಟ್ಟುಕೊಳ್ಳುವುದಕ್ಕೆ 2020ರ ನಿಯಮ ತಿದ್ದುಪಡಿಯು ಸಡಿಲಿಕೆ ನೀಡಿತು, ಹೊರಗೊಯ್ಯಲು ಬಳಸಲು ಮಾತ್ರ ಅದರಿಂದ ಅನುಮತಿಯಿಲ್ಲ. ಯಾವ ಪಿಸ್ತೂಲು ಯಾವ ವರ್ಗಕ್ಕೆ ಸೇರುವುದೆಂಬುದನ್ನು ಮನೆಯ ಜಗಲಿಯಲ್ಲಿ ಕುಳಿತು ತೀರ್ಮಾನಿಸದೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಪಡೆದುಕೊಳ್ಳುವುದೇ ಕ್ಷೇಮ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸುವುದರಿಂದ ಲಂಡನ್ನಿನ ಹರಾಜಿನ ದಾರಿಯೂ ಮುಚ್ಚಿದಂತೆಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿರುವ ವಿಶೇಷ ವಿನಾಯಿತಿ ಚಿಕ್ಕಮಗಳೂರಿನ ನಮಗಿಲ್ಲ. ಚುನಾವಣೆ ಬಂದಾಗ ಠಾಣೆಗೆ ಕೋವಿಯನ್ನು ಒಪ್ಪಿಸಿ ರಸೀದಿ ಪಡೆಯುವ ಗೊಣಗಾಟ ಇಲ್ಲಿನ ಬೆಳೆಗಾರರೆಲ್ಲರಿಗೂ ಪರಿಚಿತವೇ.

ಆದರೆ ಆ ಗೊಣಗಾಟದ ರಸೀದಿಗಳೇ ಪರೀಕ್ಷಕನ ಕಣ್ಣಿಗೆ ಬಂಗಾರ. ಮೈಸೂರು ಸಂಸ್ಥಾನದ ಕಾಲದ ಲೈಸೆನ್ಸ್ ಪುಸ್ತಕ, ಅದರಲ್ಲಿ ಗುಮಾಸ್ತನೊಬ್ಬ ದುಂಡು ಅಕ್ಷರದಲ್ಲಿ ಬರೆದ ಆಯುಧದ ಸಂಖ್ಯೆ, ತೋಟದ ಕ್ರಯಪತ್ರದ ಜೊತೆಗಿನ ಸಾಮಾನಿನ ಪಟ್ಟಿ, ಮದರಾಸಿನ ಅಂಗಡಿಯ ಬಿಲ್ಲು, ಠಾಣೆಯ ಠೇವಣಿ ರಸೀದಿ ಇವನ್ನೆಲ್ಲ ಪೋಣಿಸಿದರೆ ಒಂದು ಪಿಸ್ತೂಲು ಯಾವ ವರ್ಷ ಯಾರ ಕೈಯಿಂದ ಯಾರ ಕೈಗೆ ಬಂತೆಂಬುದು ಅಖಂಡ ರೇಖೆಯಾಗಿ ನಿಲ್ಲುತ್ತದೆ. ಚೌಕಟ್ಟಿನ ಮೇಲಿನ ಸಂಖ್ಯೆಯೂ ಪುಸ್ತಕದ ಮೇಲಿನ ಸಂಖ್ಯೆಯೂ ಒಂದೇ ಆದಾಗ ದೊರೆಯುವ ನಿಶ್ಚಯ ಯಾವ ತಜ್ಞನ ಪ್ರಮಾಣಪತ್ರದಿಂದಲೂ ದೊರೆಯದು. ಅಂಥ ಕಾಗದಗಳನ್ನು ಹಳೆಯ ಕಸವೆಂದು ಒಲೆಗೆ ಹಾಕಿ, ಪಿಸ್ತೂಲನ್ನು ಮಾತ್ರ ಬೆಳ್ಳಿಯಂತೆ ಉಜ್ಜಿಟ್ಟ ಮನೆಗಳು ತಮ್ಮ ಆಸ್ತಿಯ ಮುಕ್ಕಾಲು ಪಾಲನ್ನು ತಾವೇ ಸುಟ್ಟವೆನ್ನಬೇಕು.

ಆದುದರಿಂದ ಹಳೆಯ ಪಿಸ್ತೂಲಿರುವ ಮನೆಯವರು ಮಾಡಬೇಕಾದ ಕೆಲಸ ಸ್ವಲ್ಪವೇ. ಲೈಸೆನ್ಸು ಸರಿಯಾಗಿದೆಯೇ ಎಂದು ನೋಡಿಕೊಳ್ಳಲಿ; ವಾರಸಿನ ವರ್ಗಾವಣೆಯನ್ನು ಹಿರಿಯರು ಬದುಕಿರುವಾಗಲೇ ಮಾಡಿಸಿಕೊಳ್ಳಲಿ, 70 ವರ್ಷ ತುಂಬಿದವರಿಗೆ 2016ರ ನಿಯಮಗಳು ಆ ಅವಕಾಶವನ್ನು ಕೊಟ್ಟಿವೆ. ಮುದ್ರೆಗಳ ಛಾಯಾಚಿತ್ರವನ್ನು ಓರೆಬೆಳಕಿನಲ್ಲಿ ತೆಗೆದು, ಮನೆಯಲ್ಲಿ ಹೇಳುವ ಕಥೆಯನ್ನು ಹೇಳಿದವರ ಹೆಸರು, ದಿನಾಂಕಗಳೊಡನೆ ಬರೆದು, ಕಾಗದಪತ್ರಗಳ ಜೊತೆಗಿರಿಸಲಿ. ಕಥೆ ನಿಜವಾಗದಿದ್ದರೂ ಅದನ್ನು ಯಾರು ಯಾವಾಗ ನಂಬಿದ್ದರೆಂಬುದು ನಿಜವೇ. ಮಾರುವ ಉದ್ದೇಶ ಇರಲಿ ಇಲ್ಲದಿರಲಿ, ಹಾಗೆ ಕಾಪಾಡಿದ ಪಿಸ್ತೂಲು ಮುಂದೆ ಮೈಸೂರಿನ ಅರಮನೆಯ ಆಯುಧಶಾಲೆಯಂಥ ಸಂಗ್ರಹದ ಎದುರು ತಲೆಯೆತ್ತಿ ನಿಲ್ಲಬಲ್ಲದು. ಉಪ್ಪುಕಾಗದವನ್ನು ಗುದ್ದಲಿ ಕತ್ತಿಗಳಿಗೆ ಮೀಸಲಿಡಲಿ. ಅವು ನಾಳೆ ಮತ್ತೆ ತೋಟದಲ್ಲಿ ದುಡಿಯಬೇಕಾದವು.